ಬಾಗಿಲಿನಿಂದ ಇಳಿದ ತಪ್ಪು

ತುಮಕೂರಿಗೆ ಹೋಗಿ ನೆಲೆಸೋಣ ಎಂದು ಹಟ ಹಿಡಿದವನು ನನ್ನ ಗಂಡ. ಅನುಮಾನ ಇದ್ದದ್ದು ನನಗೆ. ನಾನು ಗುಬ್ಬಿಯಲ್ಲಿ ಹುಟ್ಟಿ ತುಮಕೂರಿನಲ್ಲಿ ಡಿಗ್ರಿ ಓದಿದವಳು. ಅವನು ಟಾಂಜಾನಿಯಾದವನು, ಅಲ್ಲಿನ ಕಡಲ ದಂಡೆಯ ಒಂದು ಊರಿನವನು. ಓದಲು ಬೆಂಗಳೂರಿಗೆ ಬಂದು, ನನ್ನನ್ನು ಮದುವೆಯಾಗಿ, ಅಲ್ಲೇ ಉಳಿದುಬಿಟ್ಟವನು. ಇದನ್ನೆಲ್ಲ ಯಾರಿಗಾದರೂ ವಿವರಿಸುವಷ್ಟರಲ್ಲಿ ಅವರು ಅವನನ್ನು ನೋಡಿ, ತೀರ್ಮಾನಿಸಿ, ಮುಗಿಸಿರುತ್ತಾರೆ. ಬರಿಯ ಬಣ್ಣದ ಮಾತಾದರೆ ನನ್ನ ದೊಡ್ಡಪ್ಪ ಅವನಷ್ಟೇ ಕಪ್ಪಗಿದ್ದರು, ಅವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ನಮ್ಮಕ್ಕ ಮೊದಲ ಸಲ ಇವನನ್ನು ಕಂಡಾಗ ತನಗೆ ತಾನೇ ಸಮಾಧಾನ ಹೇಳಿಕೊಂಡದ್ದೂ ಹಾಗೆಯೇ: "ನಮ್ ದೊಡ್ಡಪ್ಪನ ಬಣ್ಣಾನೇ ಬುಡು." ಆದರೆ ಆ ಕೂದಲು, ಆ ಎತ್ತರ, ಆ ಮುಖ ಸೇರಿದರೆ ಅದೇ ಬಣ್ಣ ಬೇರೆಯದೇ ಆಗಿಬಿಡುತ್ತದೆ.

ತುಮಕೂರಿನ ಒಂದು ಕಾಲೇಜಿನಲ್ಲಿ ನನಗೆ ಕಾಮರ್ಸ್ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಅವನದು ಲ್ಯಾಪ್‌ಟಾಪಿನ ಕೆಲಸ, ಎಲ್ಲಿ ಕೂತರೂ ಆಗುತ್ತದೆ. ಬೆಂಗಳೂರಿನಿಂದ ದಿನವೂ ಓಡಾಡುವುದೋ, ಅಲ್ಲೇ ಮನೆ ಮಾಡುವುದೋ ಎನ್ನುವುದು ಪ್ರಶ್ನೆ.

"ಬೆಂಗ್ಳೂರಲ್ಲಿ ದಿನಾ ಹೊಸ ಜನ," ಎನ್ನುತ್ತಿದ್ದ ಅವನು. "ಅಂದ್ರೆ ದಿನಾ ನಾನೇ ಹೊಸಬ. ತುಮಕೂರು ಮೀಡಿಯಮ್ ಸೈಜು. ಒಂದ್ ತಿಂಗ್ಳು ಎಲ್ಲಾ ನೋಡ್ತಾರೆ. ಆಮೇಲೆ ಅವ್ರಿಗೇ ಬೇಜಾರಾಗುತ್ತೆ."

"ನಿಂಗೆ ನಮ್ಮೂರೋರು ಗೊತ್ತಿಲ್ಲ. ಅಷ್ಟ್ ಬೇಗ ಬೇಜಾರಾಗಲ್ಲ ಅವ್ರಿಗೆ," ಎನ್ನುತ್ತಿದ್ದೆ ನಾನು.

ಅವನಿಗೆ ಈ ಧೈರ್ಯ ಕೊಟ್ಟದ್ದು ಗುಬ್ಬಿ. ನಮ್ಮಮ್ಮ ಇರುವುದು ಅಲ್ಲಿ, ಅಣ್ಣನ ಜೊತೆ. ಮದುವೆಯಾದ ಹೊಸದರಲ್ಲಿ ಅವರು ಯಾರೂ ನಮ್ಮ ಫೋನ್ ಎತ್ತುತ್ತಿರಲಿಲ್ಲ. ಎತ್ತಲು ಶುರು ಮಾಡಿದ ಮೇಲೆ ಅಮ್ಮ ಮಾಡಿದ ಮೊದಲ ಕೆಲಸವೆಂದರೆ, ಬ್ಯಾಗು ಹೊರಲು ಅವನನ್ನು ಸಂತೆಗೆ ಕರೆದುಕೊಂಡು ಹೋದದ್ದು. ಎರಡು ಮೂರು ಸಲ ಹೋಗಿಬಂದ ಮೇಲೆ ತೆಂಗಿನಕಾಯಿ ಮಾರುವವರು ಅವನನ್ನು "ಏನ್ ಅಳಿಮಯ್ಯಾ, ಯಾವಾಗ್ ಬಂದೆ" ಎಂದು ಮಾತಾಡಿಸುವಂತಾಯಿತು. ಒಬ್ಬ, "ನಿಮ್ಮೂರಾಗೂ ತೆಂಗೈತಂತೆ, ನಮ್ದಕ್ಕಿಂತ ದಪ್ಪನೋ ಸಣ್ಣನೋ?" ಎಂದು ಕೇಳಿದ್ದಕ್ಕೆ ಇವನು, "ಕಾಯಿ ಸಣ್ಣ, ಬಾಯಿ ದೊಡ್ಡದು ಕಣಣ್ಣ" ಎಂದು ಹೇಳಿ ಸಾಲಿನವರನ್ನೆಲ್ಲ ನಗಿಸಿದ್ದ. ಅವನ ಕನ್ನಡ ಪೂರ್ತಿ ನನ್ನದೇ, ಗುಬ್ಬಿಯದೇ. "ಬುಡು" ಎನ್ನುತ್ತಾನೆ, "ಇದೀನಿ" ಎನ್ನುತ್ತಾನೆ. ಪುಸ್ತಕದ ಕನ್ನಡ ಒಂದಕ್ಷರ ಬಾರದು.

ಶೆಟ್ಟಿಹಳ್ಳಿಯಲ್ಲಿ ಒಂದು ಮಹಡಿ ಮನೆ ಖಾಲಿ ಇದೆ ಎಂದು ಗೊತ್ತಾಗಿ ನೋಡಲು ಹೋದಾಗಲೂ ಅದೇ ಕನ್ನಡ ಕೆಲಸ ಮಾಡಿತು. ಮನೆಯೊಡತಿ ಬಾಗಿಲಲ್ಲಿ ನಿಂತು ಅವನನ್ನು ಕಾಲಿಂದ ತಲೆಯವರೆಗೂ ನೋಡಿ, ನನ್ನ ಕಡೆ ತಿರುಗಿದರು.

"ತಪ್ಪು ತಿಳ್ಕೋಬೇಡಿ. ನೀವು ಯಾವ ಜನ?"

ನಮ್ಮ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಅರ್ಥ, ಯಾವ ಜಾತಿ ಅಂತ. ನಾನು ಬಾಯಿ ತೆರೆಯುವ ಮೊದಲೇ ಅವನು ಉತ್ತರ ಕೊಟ್ಟ.

"ಒಳ್ಳೆ ಜನ ಕಣಮ್ಮ."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ಆ ಪ್ರಶ್ನೆಯನ್ನು ಮತ್ತೆ ಕೇಳಲು ಅವರಿಗಾಗಲಿಲ್ಲ. ಮಾಂಸ ಬೇಯಿಸುವ ಹಾಗಿಲ್ಲ ಎಂದರು. ಮೀನು, ಎಂದು ಇವನು. "ಮೀನೇನು ತರಕಾರಿನಾ?" ಎಂದು ಅವರು. ಅಂತೂ ಮುಂದಿನ ಸೋಮವಾರ ಬಂದು ಗಟ್ಟಿ ಮಾಡುತ್ತೇವೆ ಎಂದು ಹೇಳಿ ಬಂದೆವು. ಮನೆಗೆ ವಾಪಸು ಬರುವ ದಾರಿಯಲ್ಲಿ ನಾನೂ ಹೂಂ ಅಂದುಬಿಟ್ಟಿದ್ದೆ.

ಆ ಭಾನುವಾರ ಕುಣಿಗಲ್‌ನಲ್ಲಿ ಅಕ್ಕನ ಮನೆಯಲ್ಲಿ ಉಳಿದು, ಸೋಮವಾರ ಬೆಳಿಗ್ಗೆ ತುಮಕೂರಿನ ಖಾಸಗಿ ಬಸ್ಸು ಹತ್ತಿದೆವು. ಡ್ರೈವರ್ ಕಡೆಯ ಸಾಲಿನಲ್ಲಿ ಅವನು ಕಿಟಕಿಯ ಪಕ್ಕ, ನಾನು ಇತ್ತ. ನನ್ನ ತೊಡೆಯ ಮೇಲೆ ಅಕ್ಕ ಕೊಟ್ಟ ಚೀಲ: ಹುರುಳಿಕಾಳು, ನಿಂಬೆಹಣ್ಣು, ಒಂದು ಡಬ್ಬಿ ಚಟ್ನಿಪುಡಿ. ಬಸ್ಸು ಊರು ಬಿಡುವ ಮೊದಲೇ ತುಂಬಿತ್ತು. ಕೊನೆಯಲ್ಲಿ ಹತ್ತಿದ ಒಬ್ಬ ಹೆಂಗಸು, ಇನ್ನೂ ಚಿಕ್ಕ ವಯಸ್ಸು, ಸೊಂಟದ ಮೇಲೆ ಒಂದು ಹೆಣ್ಣುಮಗು, ಕೈಯಲ್ಲಿ ಬ್ಯಾಗು, ನಮ್ಮ ಸೀಟಿನ ಪಕ್ಕ ಬಂದು ಕಂಬಿ ಹಿಡಿದು ನಿಂತಳು. ಒಂದು ಬ್ರೇಕಿಗೆ ತೂರಾಡಿದಳು.

ನಮ್ಮ ಬಸ್ಸುಗಳಲ್ಲಿ ಇದಕ್ಕೊಂದು ಪದ್ಧತಿ ಇದೆ. ನಿಂತವರ ಮಗುವನ್ನು ಕೂತವರು ಇಸಿದುಕೊಳ್ಳುತ್ತಾರೆ. ಪರಿಚಯ ಬೇಕಿಲ್ಲ, ಹೆಸರು ಕೇಳಬೇಕಿಲ್ಲ. "ಹಿಡ್ಕಳಿ ಒಂಚೂರು" ಎಂದರೆ ಸಾಕು. ಇವನಿಗೆ ಈ ದೇಶದಲ್ಲಿ ತುಂಬ ಇಷ್ಟವಾದ ಸಂಗತಿ ಅದು. ತನ್ನ ಊರಿನ ಬಸ್ಸುಗಳಲ್ಲೂ ಹೀಗೆಯೇ ಮಾಡುತ್ತಾರೆ ಎಂದು ಎಷ್ಟೋ ಸಲ ಹೇಳಿದ್ದ.

"ಕೊಡಿ ಅಕ್ಕ, ಮಗು ಇಲ್ ಕೂತ್ಕೊಳ್ಲಿ," ಎಂದು ಕೈ ಚಾಚಿದ.

ಅವಳು ಅವನನ್ನು ನೋಡಿದಳು. ಆಮೇಲೆ ನನ್ನ ತಾಳಿ ನೋಡಿದಳು. ಆಮೇಲೆ ಕೊಟ್ಟಳು. ನನ್ನ ತಲೆಯ ಮೇಲಿಂದ ಎತ್ತಿ ಅವನ ಕೈಗೇ ಕೊಟ್ಟಳು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳಬಲ್ಲೆ, ಏಕೆಂದರೆ ಮುಂದೆ ಇದೇ ಮಾತಿನ ಮೇಲೆ ಒಂದು ಜೀವ ನಿಂತಿತ್ತು.

ಮಗು ಮೊದಲು ಅವನ ಮುಖ ನೋಡಿತು, ಆಮೇಲೆ ಕೂದಲು ಹಿಡಿದು ಎಳೆಯಿತು, ಆಮೇಲೆ ಅವನ ವಾಚಿನ ಮೇಲೆ ಕೆನ್ನೆ ಇಟ್ಟಿತು. ಮುಂದಿನ ಸೀಟಿನ ಅಜ್ಜಿ ಹಿಂದಕ್ಕೆ ತಿರುಗಿ ಬಿಸ್ಕತ್ತು ಕೊಟ್ಟು, "ವಸಿ ನೀರ್ ಕುಡಿಸಪ್ಪ" ಎಂದಳು. ಇವನು ಕುಡಿಸಿದ, ಮಗು ಅವನ ತೋಳಲ್ಲೇ ನಿದ್ದೆಹೋಯಿತು. ಇಡೀ ಬಸ್ಸು ಅದನ್ನು ನೋಡಿತು.

ಹೆಬ್ಬೂರಿನಲ್ಲಿ ಇಳಿಯುವವರು ಬಹಳ. ಮಗುವಿನ ತಾಯಿ ಹಿಂದಿನ ಬಾಗಿಲ ಕಡೆಗೆ ಜನರ ಜೊತೆ ತಳ್ಳಿಕೊಂಡು ಹೋದಳು. ಮಗುವನ್ನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ನನಗೆ ಗೊತ್ತು, ಅವನಿಗೆ ಗೊತ್ತಿರಲಿಲ್ಲ. ಪದ್ಧತಿಯ ಉಳಿದರ್ಧ ಅದು: ತಾಯಿ ಮೊದಲು ಇಳಿಯುತ್ತಾಳೆ, ಸುತ್ತಿಕೊಂಡು ಕಿಟಕಿಯ ಕೆಳಗೆ ಬಂದು ಕೈ ಎತ್ತುತ್ತಾಳೆ, ಕೂತವರು ಮಗುವನ್ನು ಕಿಟಕಿಯಿಂದ ಇಳಿಸುತ್ತಾರೆ. ಚಿಕ್ಕವಳಿದ್ದಾಗ ಎಷ್ಟೋ ಕಿಟಕಿಗಳಿಂದ ನಾನೂ ಹಾಗೆ ಈಚೆ ಬಂದಿದ್ದೇನೆ. ಅವನ ಊರಿನ ಬಸ್ಸುಗಳಲ್ಲಿ ಈ ಅರ್ಧ ಇಲ್ಲ. ತಾಯಿ ಮಗುವನ್ನು ಮರೆತು ಇಳಿದಳು ಅಂದುಕೊಂಡ ಅವನು. "ಅಕ್ಕಾ, ಮಗು" ಎಂದು ಎದ್ದ, ನನ್ನನ್ನು ದಾಟಿದ, ಹತ್ತಿರದಲ್ಲಿದ್ದ ಮುಂದಿನ ಬಾಗಿಲಿನಿಂದ ಇಳಿದುಬಿಟ್ಟ. "ಏಯ್ ನಿಲ್ಲು" ಎಂದು ನಾನು ಏಳುವಷ್ಟರಲ್ಲಿ ಹತ್ತುವವರು ನುಗ್ಗಿದರು. ತೊಡೆಯ ಮೇಲಿನ ಚೀಲ ಕೆಳಗೆ ಬಿದ್ದು ನಿಂಬೆಹಣ್ಣು ಸೀಟಿನಡಿ ಉರುಳಿದವು.

ಆಚೆ ಕಿಟಕಿಯ ಕೆಳಗೆ ಕೈ ಎತ್ತಿ ನಿಂತ ತಾಯಿಗೆ ಕಂಡದ್ದು ಖಾಲಿ ಸೀಟು.

ಅವಳು ಕೂಗಿದ ಕೂಗು ನನಗೆ ಈಗಲೂ ಕೇಳುತ್ತದೆ. "ನನ್ ಮಗಾ." ಅಷ್ಟೇ. ಆ ಕೂಗಿನ ಮೇಲೆ ನನಗೆ ಸಿಟ್ಟಿಲ್ಲ. ಯಾವ ತಾಯಿಯಾದರೂ ಕೂಗುತ್ತಾಳೆ. ಆದರೆ ಬಸ್ಸಿನ ಈಚೆಗಿದ್ದ ಜನ ಆ ಕೂಗು ಕೇಳಿ ಸುತ್ತ ನೋಡಿದರು, ನೋಡಿದರೆ ಒಬ್ಬ ಕರಿಯ, ಅವನ ಎದೆಯ ಮೇಲೆ ಒಂದು ಮಗು. ಅವರಿಗೆ ಮುಂದೆ ಏನನ್ನೂ ಕೇಳಬೇಕೆನಿಸಲಿಲ್ಲ.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಯಾರೋ ಮಗುವನ್ನು ಕಿತ್ತುಕೊಂಡಿದ್ದರು. ಅಲ್ಲಿಯವರೆಗೆ ನಿದ್ದೆಯಲ್ಲಿದ್ದ ಮಗು ಈಗ ಕಿರುಚತೊಡಗಿತು, ಅದೇ ಸಾಕ್ಷಿಯಾಯಿತು. ಒಬ್ಬ ಅವನ ಕಾಲರ್ ಹಿಡಿದಿದ್ದ. ಇನ್ನೊಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. "ಮಕ್ಕಳ್ ಕಳ್ಳ ಕಣ್ರೋ" ಎನ್ನುವ ಮಾತು ಯಾರ ಬಾಯಿಂದ ಮೊದಲು ಬಂತೋ, ಕ್ಷಣದಲ್ಲಿ ಎಲ್ಲರ ಬಾಯಲ್ಲೂ ಇತ್ತು.

ಅವನು ಎರಡೂ ಕೈ ಮೇಲೆತ್ತಿ, ಮೆಲ್ಲಗೆ ಹೇಳುತ್ತಿದ್ದ. "ಅಣ್ಣ, ಅವ್ರಮ್ಮನ್ನ ಹುಡುಕ್ತಾ ಇದೀನಿ ಅಣ್ಣ. ಬಸ್ಸಲ್ಲಿ ಅವ್ರೇ ಕೊಟ್ಟಿದ್ದು."

ಗುಬ್ಬಿ ಸಂತೆಯಲ್ಲಿ, ಶೆಟ್ಟಿಹಳ್ಳಿಯ ಬಾಗಿಲಲ್ಲಿ ಅವನನ್ನು ಕಾಪಾಡಿದ ಅದೇ ಕನ್ನಡ. ಕಾಲರ್ ಹಿಡಿದವನು ಪಕ್ಕದವನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಕನ್ನಡ ಬೇರೆ ಕಲ್ತವ್ನೆ ನೋಡ್ಲಾ. ಎಷ್ಟ್ ದಿನದಿಂದ ಇದೇ ಕಸುಬೋ."

ಭಾಷೆ ಬಾರದಿದ್ದರೆ ಹೊರಗಿನವನು, ಬಂದರೆ ಸಂಚುಗಾರ. ಇನ್ನೇನು ಕಲಿಯಬೇಕಿತ್ತು ಅವನು?

"ನನ್ ಗಂಡ ಕಣ್ರಪ್ಪ," ಎಂದು ನಾನು ನಡುವೆ ನುಗ್ಗಿದೆ. "ಕೈ ತೆಗೀರಿ."

"ಯಾವೂರಮ್ಮ ನಿಂದು?"

"ಗುಬ್ಬಿ."

"ಗುಬ್ಬಿಯೋಳಾಗಿ ನಿಂಗೆ ಬೇರೆ ಗಂಡ್ಸು ಸಿಗ್ಲಿಲ್ವಾ?" ಎಂದ ಒಬ್ಬ. ಕೆಲವರು ನಕ್ಕರು. ನನ್ನ ಗಂಡನ ಕಾಲರ್ ಇನ್ನೂ ಅವರ ಮುಷ್ಟಿಯಲ್ಲಿತ್ತು, ಅವರಿಗೆ ನಗು ಬಂತು. ನಗುತ್ತ ಹೊಡೆಯಬಹುದು ಎಂದು ನನಗೆ ಆವತ್ತೇ ಗೊತ್ತಾದದ್ದು. ಆ ನಗುವಿನ ಹಿಂದೆ, ಗುಂಪಿನ ಅಂಚಿನಲ್ಲಿ, ನೀಲಿ ಶರ್ಟಿನ ಒಬ್ಬ ನೆಲಕ್ಕೆ ಬಗ್ಗಿದ. ಕಳಚಿಹೋದ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದನೋ, ಕಲ್ಲು ಎತ್ತಿಕೊಳ್ಳಲು ಬಗ್ಗಿದನೋ ನನಗೆ ಗೊತ್ತಿಲ್ಲ. ಅವನು ಎದ್ದದ್ದನ್ನು ನಾನು ನೋಡಲಿಲ್ಲ. ಈಗಲೂ ಪಾಠ ಮಾಡುತ್ತಿರುವಾಗ, ಅನ್ನ ಬಸಿಯುವಾಗ, ಅವನು ಕಣ್ಣ ಮುಂದೆ ಬಗ್ಗುತ್ತಲೇ ಇರುತ್ತಾನೆ.

ಅಷ್ಟರಲ್ಲಿ ತಾಯಿ ಬಸ್ಸು ಸುತ್ತಿಕೊಂಡು ಓಡಿ ಬಂದು ಮಗುವನ್ನು ಅವಚಿಕೊಂಡಳು. ಅವಳನ್ನು ಕರೆದೊಯ್ಯಲು ಬೈಕಿನಲ್ಲಿ ಬಂದಿದ್ದ ಅವಳ ಗಂಡ ಜನರನ್ನು ಸರಿಸಿ ಮುಂದೆ ನಿಂತ. ಈಗ ಮುಗಿಯಿತು, ಎಂದುಕೊಂಡೆ. ಇವಳು ಒಂದು ಮಾತು ಹೇಳಿದರೆ ಮುಗಿಯಿತು.

"ಮಗೀನ ಇವನ್ ಕೈಗೆ ನೀನ್ ಕೊಟ್ಯಾ?" ಎಂದು ಕೇಳಿದ ಅವಳ ಗಂಡ.

ಅವಳು ನನ್ನ ಗಂಡನನ್ನು ನೋಡಿದಳು. ತನ್ನ ಗಂಡನನ್ನು ನೋಡಿದಳು.

"ಇಲ್ಲ," ಎಂದಳು. "ಆ ಅಕ್ಕಂಗ್ ಕೊಟ್ಟಿದ್ದೆ."

ಅವಳಿಗೆ ಮನೆಯಲ್ಲಿ ಏನು ಕಾದಿತ್ತೋ ನನಗೆ ಗೊತ್ತಿಲ್ಲ. ಭಯ ಇದ್ದಿರಬೇಕು. ಇರಲಿ. ಭಯ ನನಗೂ ಇತ್ತು. ನನ್ನ ಭಯಕ್ಕೆ ನಾನು ಇನ್ನೊಬ್ಬರ ಕುತ್ತಿಗೆ ಕೊಡಲಿಲ್ಲ. ಅವಳನ್ನು ಅರ್ಥ ಮಾಡಿಕೋ ಎಂದು ಅಕ್ಕ ಹೇಳುತ್ತಾಳೆ. ಅರ್ಥ ಆಗಿದೆ. ಅರ್ಥವಾಗುವುದು ಬೇರೆ, ಮಾಫಿ ಬೇರೆ.

"ಮತ್ತೆ ಇವನ್ ಕೈಗೆ ಹೆಂಗ್ ಬಂತು?" ಎಂದು ಗುಂಪು ಮತ್ತೆ ಬಿಗಿಯಾಯಿತು. ಕಾಲರ್ ಹರಿದ ಸದ್ದು ಕೇಳಿತು.

ಆಗ ಇಳಿದವನು ಕಂಡಕ್ಟರ್. ಟಿಕೆಟ್ ಮೆಷೀನು ಕಂಕುಳಲ್ಲಿಟ್ಟುಕೊಂಡು, ಬೇಸರದ ಮುಖದಲ್ಲಿ. "ಏ, ಆಯಮ್ಮನೇ ಕೊಟ್ಲು ಕಣ್ರಪ್ಪ ಅವನ್ ಕೈಗೆ. ನಾನ್ ಅಲ್ಲೇ ಟಿಕೆಟ್ ಕೊಡ್ತಿದ್ದೆ, ನೋಡಿದೀನಿ. ಬುಡ್ರಿ ಅತ್ಲಾಗೆ. ಹಿಂದ್ಲ ಗಾಡಿ ಬಂದ್ಬುಡ್ತು, ನನ್ ಪ್ಯಾಸೆಂಜರ್ ಎಲ್ಲಾ ಅವ್ನ್ ಎತ್ಕೊಂಡೋಯ್ತಾನೆ." ನಿಜವಾಗಿಯೂ ಹಿಂದೆ ಇನ್ನೊಂದು ಬಸ್ಸು ಹಾರನ್ ಹೊಡೆಯುತ್ತಿತ್ತು. ಕಂಡಕ್ಟರ್ ಇವನ ತೋಳು ಹಿಡಿದು ಎಳೆದ, ನಾನು ಇನ್ನೊಂದು ತೋಳು ಹಿಡಿದಿದ್ದೆ, ಬಸ್ಸು ಹೊರಟೇಬಿಟ್ಟಿತು. ನನ್ನ ಗಂಡ ಬದುಕಿದ್ದು ಬಸ್ಸುಗಳ ಪೈಪೋಟಿಯಿಂದ. ಯಾರ ಒಳ್ಳೆಯತನದ ಲೆಕ್ಕಕ್ಕೂ ಅದನ್ನು ಬರೆಯಲು ನಾನು ತಯಾರಿಲ್ಲ.

ಬಸ್ಸಿನೊಳಗೆ ಎಲ್ಲರೂ ತಮ್ಮ ತಮ್ಮ ಸೀಟಿನಲ್ಲೇ ಇದ್ದರು. ಬಿಸ್ಕತ್ತು ಕೊಟ್ಟ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೆಳಗಿದ್ದವರಿಗೆ ಏನೂ ಗೊತ್ತಿರಲಿಲ್ಲ. ಕಿಟಕಿಯಲ್ಲಿದ್ದವರಿಗೆ ಎಲ್ಲ ಗೊತ್ತಿತ್ತು. ಮಗುವನ್ನು ಯಾರು ಕೊಟ್ಟರು, ಯಾರು ಇಸಿದುಕೊಂಡರು, ಯಾರು ನೀರು ಕುಡಿಸಿದರು ಎಂದು ಪ್ರತಿಯೊಬ್ಬರೂ ಕಂಡಿದ್ದರು. ಕೂತಲ್ಲಿಂದಲೇ ತಲೆ ಹೊರಗೆ ಹಾಕಿ ಕೂಗಿ ಹೇಳಬಹುದಿತ್ತು. ತಲೆಗಳೇನೋ ಹೊರಗಿದ್ದವು, ನೋಡಲು. ಕಾಲರ್ ಹಿಡಿದವನಿಗಿಂತ ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ನಡುವಯಸ್ಸಿನ ಒಬ್ಬರು ಹಿಂದಿನಿಂದ ನೀರಿನ ಬಾಟಲು ಚಾಚಿದರು.

"ತಪ್ಪು ತಿಳ್ಕೋಬೇಡಿ ಸಾರ್. ಮಕ್ಕಳ ವಿಷ್ಯ ನೋಡಿ, ಜನ ಸ್ವಲ್ಪ ಇದಾಗ್ತಾರೆ."

"ಏನಾಗ್ತಾರೆ?" ಎಂದು ಕೇಳಿದೆ ನಾನು.

"ಅದೇ ಮೇಡಂ, ಸ್ವಲ್ಪ ಇದು."

"ಆ ಪದ ಏನು ಅಂತ ಹೇಳಿ. ನೀರು ಬೇಡ."

ಅವರು ಬಾಟಲು ವಾಪಸು ತೆಗೆದುಕೊಂಡರು. ನನ್ನ ಗಂಡ ನನ್ನ ಕೈ ಒತ್ತಿದ, ಸುಮ್ಮನಿರು ಎಂದು. ಸ್ವಲ್ಪ ಹೊತ್ತಿನ ಮೇಲೆ, ತೀರಾ ಸಹಜವಾದ ಕುತೂಹಲದಿಂದ, ಯಾರೋ ಕೇಳಿದರು: "ವೆಸ್ಟ್ ಇಂಡೀಸಾ?"

ತುಮಕೂರಿನಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಹೊರಗೆ ಒಂದು ಹೋಟೆಲಿನಲ್ಲಿ ಕೂತೆವು. ಅವನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕುತ್ತಿಗೆಯ ಮೇಲೆ ಉಗುರಿನ ಗೀರು. ಕಂಪ್ಲೇಂಟ್ ಕೊಡೋಣ ಎಂದೆ.

"ಅವ್ರು ಫಸ್ಟ್ ಕೇಳೋದು ನನ್ ವೀಸಾ," ಎಂದ.

ನನ್ನೊಳಗೆ ಅಷ್ಟು ಹೊತ್ತಿಗೆ ಬೇರೆಯೇ ಒಂದು ಹಟ ಎದ್ದಿತ್ತು. ಹಿಂದಿನ ವಾರದವರೆಗೆ ಬೇಡ ಬೇಡ ಎನ್ನುತ್ತಿದ್ದವಳು ನಾನು. ಈಗ ಶೆಟ್ಟಿಹಳ್ಳಿಗೆ ಹೋಗಿ ಆ ಮನೆಯನ್ನು ಈ ಕ್ಷಣವೇ ಹಿಡಿಯಬೇಕು ಅನ್ನಿಸಿತು. ಇದು ನನ್ನ ಊರು. ನಾನು ಇಲ್ಲಿ ಬಸ್ ಪಾಸು ಹಿಡಿದು ಓಡಾಡಿದವಳು. ಯಾವನೋ ಕಾಲರ್ ಹಿಡಿದ ಎಂದು ಬಿಟ್ಟುಕೊಡುವುದೇ? ದಿನವೂ ಇವನ ಕೈ ಹಿಡಿದು ಇದೇ ರಸ್ತೆಯಲ್ಲಿ ನಡೆಯುತ್ತೇನೆ, ನೋಡಲಿ, ನೋಡಿ ನೋಡಿ ಸಾಯಲಿ. ಇಷ್ಟನ್ನೂ ಅವನಿಗೆ ಹೇಳಿದೆ, ಪಕ್ಕದ ಟೇಬಲ್ಲಿನವರಿಗೆ ಕೇಳುವಷ್ಟು ಜೋರಾಗಿ.

"ನೀನೇ ಅಂತಿದ್ದಲ್ಲ, ಒಂದ್ ತಿಂಗಳಲ್ಲಿ ಎಲ್ರಿಗೂ ಗೊತ್ತಾಗುತ್ತೆ ಅಂತ."

"ಹೂಂ," ಎಂದ. "ಗೊತ್ತಾಗೋ ತನಕ?"

ಗುಬ್ಬಿ ಸಂತೆಯ ಅಳಿಮಯ್ಯ ಹೆಬ್ಬೂರಿನಲ್ಲಿ ಮಕ್ಕಳ ಕಳ್ಳ. ನಡುವೆ ಇರುವುದು ಒಂದಷ್ಟು ತೋಟ, ಒಂದಷ್ಟು ಹೊಲ. ಪ್ರತಿ ಸ್ಟಾಪಿನಲ್ಲೂ ಮೊದಲಿಂದ ಗೊತ್ತುಮಾಡಿಸಬೇಕು.

"ನಾವ್ ಬಿಟ್ಕೊಟ್ರೆ ಅವ್ರು ಗೆದ್ದಂಗೆ ಕಣೋ," ಎಂದೆ.

ಅವನು ಲೋಟ ಕೆಳಗಿಟ್ಟ. "ಕೋಪ ನಿಂದು ಕಣೇ. ಮೈ ನಂದು."

ಇಷ್ಟು ವರ್ಷಗಳಲ್ಲಿ ಅವನು ನನಗೆ ಹೇಳಿದ ಅತ್ಯಂತ ಒರಟು ಮಾತು ಅದು. ನನಗೆ ಅವನ ಮೇಲೂ ಸಿಟ್ಟು ಬಂತು. ಅವನು ಹೇಳಿದ್ದು ಸರಿ ಎನ್ನುವುದಕ್ಕೆ ಇನ್ನೂ ಸಿಟ್ಟು ಬಂತು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಶೆಟ್ಟಿಹಳ್ಳಿಯ ಮನೆಯೊಡತಿ. ಹೋಟೆಲಿನ ಗಲಾಟೆಗೆ ಸ್ಪೀಕರ್ ಹಾಕಿದೆ.

"ತಪ್ಪು ತಿಳ್ಕೋಬೇಡಮ್ಮ. ನಮ್ ಬಡಾವಣೆ ಗ್ರೂಪಲ್ಲಿ ಒಂದು ವಿಡಿಯೋ ಬಂದೈತೆ. ನಿಮ್ ಯಜಮಾನ್ರಾ ಅದು?"

ಹೌದು ಎಂದೆ. ಏನು ನಡೆಯಿತೆಂದು ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ನಡುನಡುವೆ "ಅಯ್ಯೋ ಪಾಪ" ಎಂದರು. ಆಕೆ ಕೆಟ್ಟವರಲ್ಲ.

"ನಂಗೊತ್ತು ಬುಡಮ್ಮ, ಅವ್ರು ಒಳ್ಳೆಯವ್ರೇ. ಬನ್ನಿ ನೀವು, ಮನೆ ನಿಮ್ಗೇನೇ. ಒಂದೇ ಮಾತು. ಬೀದೀಲಿ ಮಕ್ಳು ಆಡ್ತಿರ್ತವೆ. ಅವ್ರು ಮಕ್ಳ ಹತ್ರ ಮಾತಾಡ್ದಂಗೆ ನೋಡ್ಕೋಬೇಕು. ಚಾಕ್ಲೇಟು ಗೀಕ್ಲೇಟು ಕೊಡೋದು, ಎತ್ಕೊಳ್ಳೋದು, ಏನೂ ಬೇಡ. ಅವ್ರ ಒಳ್ಳೇದಕ್ಕೇ ಹೇಳ್ತಿರೋದು."

ನಾನು ಹೇಳಲಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು, ಒಳ್ಳೆಯ ಮಾತಲ್ಲ. ಅವನು ನನ್ನ ಕೈಯಿಂದ ಫೋನು ತೆಗೆದುಕೊಂಡ.

"ಅಮ್ಮ, ನಾನು. ಮನೆ ತುಂಬಾ ಚೆನ್ನಾಗಿದೆ. ನಾವ್ ಬರಲ್ಲ ಅಮ್ಮ. ಬೇರೆಯವ್ರಿಗೆ ಕೊಡಿ."

ಆ ಕಡೆ ಒಂದು ಉಸಿರು ಬಿಟ್ಟದ್ದು ಕೇಳಿಸಿತು. ಭಾರ ಇಳಿದವರು ಬಿಡುವ ಉಸಿರು. "ಆಯ್ತಪ್ಪ, ದೇವ್ರು ಚೆನ್ನಾಗಿಟ್ಟಿರ್ಲಿ," ಎಂದರು.

ಅವನು ಫೋನನ್ನು ನನ್ನ ಮುಂದಿಟ್ಟು, ಮಾಣಿಗೆ ಬಿಲ್ಲು ಕೇಳಿದ. ಅಷ್ಟು ಮರ್ಯಾದೆ ಯಾಕೆ ಕೊಟ್ಟೆ ಅವರಿಗೆ ಎಂದು ನಾನು ರೇಗಿದೆ. ಅವನು ಬಿಲ್ಲಿನ ದುಡ್ಡು ಇಟ್ಟು ಎದ್ದ. ಅವತ್ತು ಗುಬ್ಬಿಗೂ ಹೋಗಲಿಲ್ಲ. ಅಮ್ಮನಿಗೆ ಫೋನಿನಲ್ಲೇ ಹೇಳಿದೆ. ಅವಳು, "ಸಂತೆಗೆ ಬಂದ್ರೆ ನನ್ ಜೊತೇಲೇ ಬರ್ಲಿ, ಒಬ್ನೇ ಬೇಡ," ಎಂದಳು.

ಕೆಲಸವನ್ನು ನಾನು ಬಿಡಲಿಲ್ಲ. ಬೆಂಗಳೂರಿನಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ, ಒಬ್ಬಳೇ. ಅವನು ಯಶವಂತಪುರದವರೆಗೆ ಬಂದು ಹತ್ತಿಸಿ ಹೋಗುತ್ತಾನೆ. ಮಹಿಳೆಯರ ಬೋಗಿಯಲ್ಲಿ ದಿನದ ಗುಂಪು ಒಂದಿದೆ, ಬ್ಯಾಂಕಿನವರು, ಟೀಚರುಗಳು. ಸೊಪ್ಪು ಬಿಡಿಸುತ್ತ, ಹೂ ಕಟ್ಟುತ್ತ ಬರುತ್ತಾರೆ. ಹೊಸಬಳಾದ ನನ್ನನ್ನು ಮೊದಲ ವಾರವೇ ಕೇಳಿದರು.

"ಗುಬ್ಬಿಯೋರಂತೀರಾ, ಕೆಲ್ಸ ತುಮಕೂರಲ್ಲಿ. ಅಲ್ಲೇ ಮನೆ ಮಾಡೋದ್ ಬಿಟ್ಟು ಇದ್ಯಾಕ್ರೀ ಈ ಒದ್ದಾಟ? ನಿಮ್ಮೋರಿಗೆ ಊರು ಹಿಡಿಸ್ಲಿಲ್ವಾ?"

"ಊರಿಗೆ ಅವ್ರು ಹಿಡಿಸ್ಲಿಲ್ಲ," ಎಂದೆ.

ಏನು ಎತ್ತ ಎಂದು ಒತ್ತಾಯ ಮಾಡಿದರು. ಹೇಳಿದೆ. ಮೆಲ್ಲಗೆ ಹೇಳಲಿಲ್ಲ. ಸೊಪ್ಪು ಬಿಡಿಸುವ ಕೈಗಳು ನಿಂತವು. ಹೆಬ್ಬೂರು ಎಂದಾಗ ಒಬ್ಬರು ತಮ್ಮ ತವರು ಅದು ಎಂದು ಗೊಣಗಿದರು. ನನ್ನೆದುರು ಕೂತಿದ್ದ ಟೀಚರು ಹೂವಿನ ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ, ಸಮಾಧಾನದ ದನಿಯಲ್ಲಿ ಹೇಳಿದರು.

"ಎಲ್ಲಾರೂ ಹಂಗಿರಲ್ಲ ಬಿಡಿ ಮೇಡಂ."

"ಆ ಬಸ್ಸಲ್ಲಿ ನೀವಿದ್ದಿದ್ರೆ ಇಳೀತಿದ್ರಾ?" ಎಂದು ಕೇಳಿದೆ.

ಕ್ಯಾತ್ಸಂದ್ರ ಬಂತು. ಇಬ್ಬರು ಎದ್ದು ಬಾಗಿಲ ಕಡೆ ಹೋದರು. ಟೀಚರು ದಾರವನ್ನು ಬಾಯಿಂದ ತೆಗೆದು, ಹೂವಿನ ಮೇಲೆ ಕಣ್ಣಿಟ್ಟರು. ನನ್ನ ಮಾತು ಇನ್ನೂ ಮುಗಿದಿರಲಿಲ್ಲ. ಮುಂದುವರಿಸಿದೆ.